ಆಯಸ್ಕಾಂತದ ಬಿರಡೆ

ಸದ್ದು ಮಾಡುತ್ತಿದ್ದ ನಮ್ಮ ಜೀಪಿನ ಅಡಿಗೆ ನುಸುಳಿದ್ದ ಗೋಣಿಬೀಡಿನ ಮೆಕ್ಯಾನಿಕ್, ಆಯಿಲ್ ಇಳಿಸುವ ಬಿರಡೆ ಬಿಚ್ಚಿ ತಂದು ನಮ್ಮೆದುರು ಹಿಡಿದರು. ಅದರ ತುದಿಯ ಆಯಸ್ಕಾಂತಕ್ಕೆ ಕಪ್ಪು ರಾಡಿ ಮೆತ್ತಿಕೊಂಡಿತ್ತು. ನಡುವೆ ಅಕ್ಕಿನುಚ್ಚಿನಂಥ ಕಬ್ಬಿಣದ ಚೂರುಗಳು ಹೊಳೆಯುತ್ತಿದ್ದವು.

ನನ್ನ ಯಜಮಾನರ ಮುಖ ಅರಳಿತು. “ನೋಡಿದ್ರಾ, ಎಷ್ಟು ಹಿಡಿದಿದೆ! ಈ ಆಯಸ್ಕಾಂತದ ಬಿರಡೆ ಹಾಕ್ಸಿದ್ದು ದಂಡ ಆಗ್ಲಿಲ್ಲ.”

“ಹಿಡಿದದ್ದೇನೋ ಹೌದು ಮಾರಾಯ್ರೆ, ಆದ್ರೆ ಹಿಡಿದಿರೋದು ನಿಮ್ಮ ಇಂಜಿನ್ನನ್ನೇ ಅಲ್ವಾ?” ಎಂದರು ಮೆಕ್ಯಾನಿಕ್. “ಆಯಿಲ್ ಯಾವಾಗ ಬದಲಿಸಿದ್ದು?”

ಇವರು ಬದಲಿಸಿರಲೇ ಇಲ್ಲ. ಕಸವನ್ನೆಲ್ಲ ಆಯಸ್ಕಾಂತ ಹಿಡಿದುಕೊಳ್ಳುತ್ತದೆ, ಕಾಫಿ ಕೊಯ್ಲು ಮುಗಿಯಲಿ ಎಂದು ಹಳೇ ಆಯಿಲ್‌ನಲ್ಲೇ ಬಾಳೂರಿನ ಏರಿನಲ್ಲಿ ದಿನಾ ಆಳುಗಳನ್ನು ತುಂಬಿಕೊಂಡು ಓಡಿಸಿದ್ದರು. ಇನ್ನು ಇಂಜಿನ್ ಬಿಚ್ಚಲೇಬೇಕಂತೆ. ತೋಟದಲ್ಲಿ ನೋಡಿದರೆ ಹಣ್ಣು ಕಪ್ಪಾಗಿ ಉದುರುತ್ತಿತ್ತು.

ಬಿರಡೆ ದಂಡವೆಂದು ನಾನು ಹೇಳಲಾರೆ. ಇಂಜಿನ್ ಸವೆಯುತ್ತಿದೆ ಎಂದು ಅದು ತೋರಿಸಿತು. ಅದರ ಕೈಲಾಗುವುದು ಅಷ್ಟೇ. ಆ ವರ್ಷ ಆಳುಗಳು ಏರು ಹತ್ತಿ ನಡೆದೇ ಬಂದರು, ಬಿಸಿಲೇರಿದ ಮೇಲೆ. ಅವರ ಜೊತೆ ನಾನೂ ಸೆರಗು ಸಿಕ್ಕಿಸಿಕೊಂಡು ನೆಲಕ್ಕೆ ಬಿದ್ದ ಹಣ್ಣು ಹೆಕ್ಕಿದೆ. ಬಗ್ಗಿದ ಸೊಂಟ ನೆಟ್ಟಗಾಗುವಷ್ಟರಲ್ಲಿ ಮಳೆಗಾಲ ಬಂದಿತ್ತು.