ಬುಧವಾರದ ಕೋಣೆಯಲ್ಲಿ ಜೆರುಸಲೇಮ್

ಕೋಸಂಬರಿಗೆ ಸೌತೆಕಾಯಿ ಹೆಚ್ಚುತ್ತಿದ್ದೆ. ರಾಮನವಮಿ. ಹೆಸರುಬೇಳೆ ನೆಂದು ಅರಳಿತ್ತು, ಪಾನಕ ಮಾಡಿ ದೇವರಿಗೆ ನೈವೇದ್ಯವೂ ಆಗಿತ್ತು. ಇಲ್ಲಿಯ ಸೌತೆಕಾಯಿ ಮೊಳದುದ್ದ ಇರುತ್ತದೆ, ಒಳಗೆ ಬರೀ ನೀರು. ಹೆಚ್ಚಿದ ಮೇಲೆ ಹಿಂಡಿಯೇ ಬೆರೆಸಬೇಕು. ಹಿಂಡುತ್ತಿರುವಾಗ ಬಾಗಿಲು ದಡದಡ ಎಂದಿತು. ಬೆಲ್ ಇದ್ದರೂ ಕೋಲಿನಿಂದ ಬಾಗಿಲು ಬಡಿಯುವವರು ಲಂಡನ್ನಿನ ಕೊಲಿಂಡೇಲಿನ ನಮ್ಮ ಬ್ಲಾಕಿನಲ್ಲಿ ಒಬ್ಬರೇ: ಕೆಳಗಿನ ಮಹಡಿಯ ಟೀಚರು.

ಅವರು ಇಂಗ್ಲಿಷರು. ಶಾಲೆಯಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಭಾನುವಾರ ಚರ್ಚು ತಪ್ಪಿಸುವವರಲ್ಲ. ದೇವರಿಗೆ ಹೆದರುವ ಜೀವವೊಂದು ಕೆಳಗಿನ ಮನೆಯಲ್ಲಿದೆ ಎಂದು ನಾನು ಎಷ್ಟೋ ಸಲ ಸಮಾಧಾನಪಟ್ಟುಕೊಂಡಿದ್ದೇನೆ. ಅವರ ಮಾತು ಇಂಗ್ಲಿಷಾದರೂ ನನ್ನ ತಲೆಯಲ್ಲಿ ಉಳಿದಿರುವುದು ಕನ್ನಡದಲ್ಲಿ, ಹಾಗೆಯೇ ಬರೆಯುತ್ತೇನೆ.

ಬಾಗಿಲು ತೆಗೆದೆ. ಟೀಚರು ಬಾಯಿ ತೆರೆದರು. ಗ್ಯಾಸ್ಕೆಟ್ ಹೋದ ಕುಕ್ಕರಿನ ಹಾಗೆ ಬರೀ ಉಸ್ ಎಂದಿತು.

“ಅಯ್ಯೋ, ಗಂಟಲಿಗೆ ಏನಾಯ್ತು ಟೀಚರೇ?”

ಅವರು ನನ್ನ ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದರು. “ಬೆಳಿಗ್ಗೆ ಎದ್ದೆ, ಸ್ವರ ಇಲ್ಲ. ಇವತ್ತು ನೀನು ಮಾತಾಡ್ಬೇಕು.”

ನನ್ನ ಕೈಯಿಂದ ಸೌತೆಕಾಯಿಯ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

ಬುಧವಾರ ಮಧ್ಯಾಹ್ನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಟೀಚರು ಒಂದು ಕೂಟ ನಡೆಸುತ್ತಿದ್ದರು. ಬಿಸ್ಕತ್ತು, ಟೀ, ಚರಿತ್ರೆಯ ಒಂದು ಕಥೆ. ಬರುವವರು ಬೆರಳೆಣಿಕೆಯ ಜನ, ಹೆಚ್ಚಿನವರು ವಯಸ್ಸಾದವರು, ನಡುವೆ ನನ್ನಂಥ ಕೆಲವರು. ಚಳಿಗಾಲದಲ್ಲಿ ಒಂದು ಸಲ ಹೀಟಿಂಗ್ ಕೆಟ್ಟು, ಒಂದು ಸಲ ಹಿಮ ಬಿದ್ದು ಕೂಟ ರದ್ದಾಗಿತ್ತು. ಕೋಣೆಯ ಉಸ್ತುವಾರಿ ನೋಡುವ ಲೈಬ್ರರಿಯ ಅಧಿಕಾರಿ ಹೋದ ವಾರ ಬಂದು ಸ್ಪಷ್ಟವಾಗಿ ಹೇಳಿಹೋಗಿದ್ದ: ಮುಂದಿನ ಬುಧವಾರ ತಾನೇ ಬಂದು ನೋಡುತ್ತೇನೆ, ಕೂಟ ಸರಿಯಾಗಿ ನಡೆಯದಿದ್ದರೆ ಕೋಣೆ ಯೋಗದ ತರಗತಿಗೆ. ನನ್ನ ಕಡೆ ತಿರುಗಿ, “ಯೋಗ ಅಂದ್ರೆ ನಿಮಗೆ ಖುಷಿ ಅಲ್ವಾ?” ಎಂದೂ ಕೇಳಿದ್ದ. ಟೀಚರ ಮುಖ ನೋಡಿ ನಾನು ಬಾಯಿ ಮುಚ್ಚಿಕೊಂಡಿದ್ದೆ. ಆ ಕೂಟವಿಲ್ಲದಿದ್ದರೆ ಟೀಚರಿಗೆ ವಾರದಲ್ಲಿ ಭಾನುವಾರವೊಂದೇ ಉಳಿಯುವುದು, ಅದು ಇಬ್ಬರಿಗೂ ಗೊತ್ತಿತ್ತು.

“ನನ್ನ ಇಂಗ್ಲಿಷಿಗೆ ನನ್ನ ಮಗಳೇ ನಗ್ತಾಳೆ ಟೀಚರೇ.”

“ನನ್ನ ಹಳೇ ಫೋನು ನೋಡಿನೂ ನಗ್ತಾಳೆ. ಬಾ.”

ವಿಷಯ ಕ್ರುಸೇಡು. ನಮ್ಮ ಶಾಲೆಯ ಪುಸ್ತಕದಲ್ಲಿ ಧರ್ಮಯುದ್ಧಗಳು ಎಂದು ಒಂದು ಪಾಠವಿತ್ತು, ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟುಬಿಟ್ಟಿದ್ದೆ. ಈಗ ನೋಡಿ! ಟೀಚರು ಬರೆದಿಟ್ಟ ಹಾಳೆಗಳನ್ನು ಕೊಟ್ಟರು. ಇರುವೆ ಮಸಿಯಲ್ಲಿ ಮಿಂದು ಓಡಾಡಿದ ಹಾಗಿತ್ತು ಅಕ್ಷರ. ಒಂದು ಸಾಲೂ ತಿಳಿಯಲಿಲ್ಲ. ಆದರೆ ದೇವರು ದೊಡ್ಡವನು. ಅದೇ ಕಥೆಯನ್ನು ಅವರು ನಮ್ಮ ಅಡಿಗೆಮನೆಯಲ್ಲಿ ಕುಳಿತು ಎಷ್ಟೋ ಸಲ ಅಭ್ಯಾಸ ಮಾಡಿದ್ದರು, ನಾನು ಮೆಂತ್ಯದ ಸೊಪ್ಪು ಬಿಡಿಸುತ್ತ ಕೇಳಿದ್ದೆ.

ಹೇಸ್ ಎಂಬಲ್ಲಿನ ಆಫೀಸಿನಲ್ಲಿದ್ದ ನಮ್ಮವರಿಗೆ ಫೋನು ಮಾಡಿದೆ.

“ಏನ್ರೀ, ನಾನು ಲೈಬ್ರರೀಲಿ ಭಾಷಣ ಮಾಡ್ಬೇಕಂತೆ.”

“ಯಾರು, ನೀನಾ? ಏನ್ ವಿಷಯ?”

“ಕ್ರುಸೇಡು.”

“ಇವತ್ತು ರಾಮನವಮಿ ಕಣೇ.”

“ಗೊತ್ತು. ಕೋಸಂಬರಿ ಫ್ರಿಜ್ಜಲ್ಲಿರುತ್ತೆ. ಒಗ್ಗರಣೆ ನೀವೇ ಹಾಕ್ಕೊಳ್ಳಿ.”

ಹೇಗೂ ಹಬ್ಬ, ನಾಲ್ಕು ಜನಕ್ಕೆ ಹಂಚೋಣವೆಂದು ಪಾನಕವನ್ನು ದೊಡ್ಡ ಸ್ಟೀಲ್ ಕ್ಯಾನಿಗೆ ತುಂಬಿಕೊಂಡೆ. ಬಟ್ಟೆಯನ್ನು ವಾಷಿಂಗ್ ಮಷೀನಿಗೆ ಹಾಕಿ ಹೊರಟೆವು. ಲಿಫ್ಟು ಕೆಟ್ಟಿರಲಿಲ್ಲ, ಲೈಬ್ರರಿಯ ರೇಡಿಯೇಟರು ಬೆಚ್ಚಗಿತ್ತು. ಅವತ್ತಿನ ಮಟ್ಟಿಗೆ ಎರಡೂ ದೇವರ ದಯೆಯೆಂದೇ ಇಟ್ಟುಕೊಂಡೆ.

ಕೋಣೆಯಲ್ಲಿ ಎಂದಿನವರಿದ್ದರು. ಮುಂದಿನ ಸಾಲಿನಲ್ಲಿ ಬಸ್ಸು ಓಡಿಸಿ ನಿವೃತ್ತರಾದ ತಾತ. ಕಿಟಕಿಯ ಹತ್ತಿರ, ಸಿರಿಯಾದಿಂದ ಬಂದು ಸ್ಟೇಷನ್ನಿನ ಬಳಿ ಮಗಳ ಮನೆಯಲ್ಲಿರುವ ಅಮ್ಮ, ತಲೆಗೆ ಬೂದು ಬಣ್ಣದ ಸ್ಕಾರ್ಫು ಕಟ್ಟಿಕೊಂಡು. ಟೀಚರು ನನ್ನೆದುರಿಗೇ ಕುರ್ಚಿ ಎಳೆದುಕೊಂಡು ಕೋಲನ್ನು ಮೊಣಕಾಲ ಮೇಲೆ ಅಡ್ಡ ಇಟ್ಟರು.

ಭಾಷಣ ಹೇಗೆ ಮಾಡುತ್ತಾರೋ ನನಗೆ ತಿಳಿಯದು. ನಾನು ಕೇಳಿ ಬೆಳೆದದ್ದು ಹರಿಕಥೆ. ನಮ್ಮ ಬೀದಿಯ ರಾಮೋತ್ಸವದ ಚಪ್ಪರದಲ್ಲಿ ದಾಸರು ಗೆಜ್ಜೆ ಕಟ್ಟಿಕೊಂಡು, ಮೊದಲು ಕಣ್ಣು ಮುಚ್ಚಿ ದೇವರನ್ನು ನೆನೆದು, ಆಮೇಲೆ ನಮ್ಮನ್ನು ಮಾತಾಡಿಸುತ್ತ ಕಥೆಗೆ ಇಳಿಯುತ್ತಿದ್ದರು. ನನಗೆ ಬರುವುದು ಅದೊಂದೇ ದಾರಿ. ಕೈಮುಗಿದು ಕಣ್ಣು ಮುಚ್ಚಿದೆ.

“ಊಟಕ್ಕೆ ಮುಂಚೆ ಹೇಳೋ ಪ್ರಾರ್ಥನೆನಾ? ಊಟ ಎಲ್ಲಿ?” ಎಂದರು ಬಸ್ಸಿನ ತಾತ.

“ಆಮೇಲೆ ಕುಡಿಯೋಕಿದೆ.”

“ಹಾಗಾದ್ರೆ ಆಮೆನ್.”

ಎಲ್ಲರೂ ನಕ್ಕರು. ನನ್ನ ಎದೆ ಸ್ವಲ್ಪ ಹಗುರಾಯಿತು.

ಶುರು ಮಾಡಿದೆ. ಒಂಬೈನೂರು ವರ್ಷಕ್ಕೂ ಹಿಂದೆ ಕಾನ್‌ಸ್ಟಾಂಟಿನೋಪಲ್ ಎಂಬ ಊರಿನಲ್ಲಿ ಒಬ್ಬ ಕ್ರೈಸ್ತ ಚಕ್ರವರ್ತಿ ಇದ್ದ. ತುರ್ಕರು ಅವನ ಸೀಮೆಯನ್ನು ಒಂದೊಂದೇ ತುಂಡಾಗಿ ಕಿತ್ತುಕೊಳ್ಳುತ್ತಿದ್ದರು. ಅವನು ರೋಮಿನ ಪೋಪರಿಗೆ, ನಾಲ್ಕು ಜನ ಒಳ್ಳೆಯ ಸಿಪಾಯಿಗಳನ್ನು ಕಳಿಸಿಕೊಡಿ ಎಂದು ಹೇಳಿಕಳಿಸಿದ. “ಪಕ್ಕದ ಮನೆಯವರ ಹತ್ತಿರ ಒಂದು ಲೋಟ ಸಕ್ಕರೆ ಕೇಳಿದ್ರೆ, ಮದುವೆ ದಿಬ್ಬಣಾನೇ ಬಂದು ನಿಮ್ಮ ನಡುಮನೇಲಿ ಹಾಸಿಗೆ ಬಿಚ್ಚಿದ ಹಾಗಾಯ್ತು,” ಎಂದೆ.

ಪೋಪರು ಫ್ರಾನ್ಸಿನ ಒಂದು ಊರಿನಲ್ಲಿ ಜನ ಸೇರಿಸಿ ಹೇಳಿದರು: ನಿಮ್ಮನಿಮ್ಮಲ್ಲೇ ಹೊಡೆದಾಡುವುದು ಸಾಕು. ಜೆರುಸಲೇಮು ಅನ್ಯರ ಕೈಯಲ್ಲಿದೆ, ಹೋಗಿ ಬಿಡಿಸಿ. ಹೋದವರಿಗೆ ಬೇರೆ ಪ್ರಾಯಶ್ಚಿತ್ತ ಬೇಡ, ಅದೇ ಪ್ರಾಯಶ್ಚಿತ್ತ. ಜನ, ದೇವರ ಇಚ್ಛೆ, ದೇವರ ಇಚ್ಛೆ ಎಂದು ಕೂಗಿದರು. ಬಟ್ಟೆಯ ಶಿಲುಬೆಯನ್ನು ಹೆಗಲಿಗೆ ಹೊಲಿಸಿಕೊಂಡು ಹೊರಟರು. ಹೊಲಿದುಕೊಟ್ಟವರು ಯಾರು? ಮನೆಯ ಹೆಂಗಸರೇ ಇರಬೇಕು. ಇದು ಟೀಚರು ಹೇಳಿದ್ದಲ್ಲ, ನಾನೇ ಸೇರಿಸಿದ್ದು. ಅವರು ತಲೆಯಾಡಿಸಿದರು.

“ನಮ್ಮ ಕಡೆ ಕಾಶಿಗೆ ಹೋದ್ರೆ ಪಾಪ ಕಳೆಯುತ್ತೆ ಅಂತಾರೆ. ಇದು ಕಾಶಿಗೆ ಹೊರಟವನ ಕೈಗೆ ಗಂಗಾಜಲದ ತಂಬಿಗೆ ಬದಲು ಕತ್ತಿ ಕೊಟ್ಟು ಕಳಿಸಿದ ಹಾಗೆ,” ಎಂದೆ. “ಭೂಮಿ ಸಿಗುತ್ತೆ, ಚಿನ್ನ ಸಿಗುತ್ತೆ ಅಂತ ಆಸೆಯಿಂದ ಹೋದ್ರು...”

ಟಕ್ ಎಂದು ಕೋಲು ನೆಲಕ್ಕೆ ಬಡಿಯಿತು. ಟೀಚರು ಬೆರಳು ಅಲ್ಲಾಡಿಸುತ್ತಿದ್ದರು. ನೆನಪಾಯಿತು. ಆಸೆಯವರೂ ಇದ್ದರು, ಆದರೆ ಬಹಳ ಜನ ಇದ್ದ ಭೂಮಿಯನ್ನೇ ಅಡವಿಟ್ಟು ಹೋಗಿದ್ದರು. ಭಕ್ತಿಯಿಂದ ಹೋಗಿದ್ದರು. ತಿದ್ದಿ ಹೇಳಿದೆ. ಆಸೆಬುರುಕರು ಎಂದು ಬಿಟ್ಟಿದ್ದರೆ ಅವರು ನನಗೆ ಯಾರೋ ಆಗಿರುತ್ತಿದ್ದರು. ಭಕ್ತರು ಎಂದಾಗ, ಬೆಳಿಗ್ಗೆ ಎದ್ದು ದೀಪ ಹಚ್ಚುವ ನಾನೂ ಅವರ ಪಕ್ಕಕ್ಕೆ ಹೋಗಿ ನಿಲ್ಲಬೇಕಾಗುತ್ತದೆ.

ಮುಂದೆ ಹೋದೆ. ದೊರೆಗಳ ಸೈನ್ಯಕ್ಕಿಂತ ಮುಂಚೆ ಬಡಬಗ್ಗರು ಒಬ್ಬ ಸನ್ಯಾಸಿಯ ಹಿಂದೆ ಹೊರಟು ತುರ್ಕರ ಕೈಯಲ್ಲಿ ನಾಶವಾದರು. ಅದೇ ಹೊತ್ತಿನಲ್ಲಿ ಹೊರಟ ಬೇರೆ ಗುಂಪುಗಳು ಜರ್ಮನಿಯ ಊರುಗಳಲ್ಲಿ, ತಮಗೇನೂ ಮಾಡದ ಯೆಹೂದಿಗಳನ್ನು ಕೊಂದವು. ದೊರೆಗಳು ಹಸಿವು, ರೋಗ ದಾಟಿ, ಮೂರು ವರ್ಷಕ್ಕೆ ಜೆರುಸಲೇಮಿನ ಗೋಡೆ ಹತ್ತಿದರು.

ಅಲ್ಲಿಗೆ ಬಂದು ತಡವರಿಸಿದೆ. ಗೋಡೆ ಹತ್ತಿದ ಮೇಲೆ ಅವರು ಏನು ಮಾಡಿದರೆಂದು ನನಗೆ ಗೊತ್ತಿತ್ತು. ಹಬ್ಬದ ದಿನ, ಕಿಟಕಿಯ ಹತ್ತಿರ ಸಿರಿಯಾದ ಅಮ್ಮ ಕುಳಿತಿದ್ದಾರೆ. ಊರು ಗೆದ್ದರು ಎಂದಷ್ಟೇ ಹೇಳಿ ದಾಟಿಬಿಡೋಣ ಎಂದುಕೊಂಡೆ. ಕೋಲು ಮತ್ತೆ ಟಕ್ ಎಂದಿತು. ಟೀಚರು ನನ್ನನ್ನೇ ನೋಡುತ್ತಿದ್ದರು, ಬಿಡಬೇಡ ಎನ್ನುವ ಹಾಗೆ. ಅವರ ಕೊರಳಲ್ಲಿ ಪುಟ್ಟ ಬೆಳ್ಳಿಯ ಶಿಲುಬೆ ಇತ್ತು.

ಹೇಳಿದೆ. ಊರೊಳಗಿದ್ದ ಮುಸ್ಲಿಮರನ್ನು, ಯೆಹೂದಿಗಳನ್ನು, ಹೆಂಗಸರು ಮಕ್ಕಳೆನ್ನದೆ ಕೊಂದರು. ಆಮೇಲೆ ಅಳುತ್ತ ಹೋಗಿ ಏಸುವಿನ ಸಮಾಧಿಯ ಮುಂದೆ ಪ್ರಾರ್ಥನೆ ಮಾಡಿದರು.

ಮೊದಲು ಮಾತಾಡಿದವರು ಸಿರಿಯಾದ ಅಮ್ಮನೇ.

“ಅವರು ಕಟ್ಟಿದ ಕೋಟೆ ನಮ್ಮೂರಿನ ಹತ್ತಿರಾನೂ ಇದೆ. ಚಿಕ್ಕವರಿದ್ದಾಗ ಶುಕ್ರವಾರ ಅಲ್ಲಿಗೆ ಪಿಕ್ನಿಕ್ ಹೋಗ್ತಿದ್ವಿ. ನಮ್ಮಮ್ಮ ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿ ತರೋರು. ಅಷ್ಟು ತಣ್ಣಗಿರೋ ಜಾಗ ಇನ್ನೊಂದಿಲ್ಲ.”

“ಕ್ರುಸೇಡಿನವರು ಕಟ್ಟಿದ್ದು, ಪಿಕ್ನಿಕ್ಕು ನಿಮಗೆ,” ಎಂದರು ತಾತ.

“ಬಿಟ್ಟು ಹೋದ್ರಲ್ಲ, ನಾವೇನು ಮಾಡೋದು?” ಎಂದು ಆಕೆ ನಕ್ಕಾಗ ಎಲ್ಲರಿಗೂ ಉಸಿರು ಬಂತು.

ಗಂಟೆ ನೋಡಿದೆ. ಹೊತ್ತಾಗುತ್ತ ಬಂದಿತ್ತು. ಬಾಗಿಲಲ್ಲಿ ಅಧಿಕಾರಿ ಬಂದು ನಿಂತಿದ್ದ, ಕೈಯಲ್ಲಿ ಬೀಗದ ಕೈ ಗೊಂಚಲು. ಮನುಷ್ಯ ಕೆಟ್ಟವನಲ್ಲ, ಆದರೆ ಕುರ್ಚಿಗಳನ್ನು ಎಣಿಸುತ್ತಿದ್ದ. ಅರ್ಧ ಖಾಲಿ. ಟೀಚರೂ ಅದನ್ನು ನೋಡಿದರು.

ಬೇಗ ಬೇಗ ಹೇಳಿದೆ. ಗೆದ್ದವರು ಅಲ್ಲೇ ನಾಲ್ಕು ರಾಜ್ಯ ಕಟ್ಟಿಕೊಂಡರು. ಅದರಲ್ಲೊಂದು ಕೈತಪ್ಪಿದಾಗ ಯುರೋಪಿನ ಇಬ್ಬರು ರಾಜರು ಎರಡನೆಯ ಕ್ರುಸೇಡು ಕಟ್ಟಿಕೊಂಡು ಬಂದು, ಡಮಾಸ್ಕಸ್ಸಿನ ತೋಟಗಳಲ್ಲಿ ಮುಖ ಮುರಿಸಿಕೊಂಡು ವಾಪಸಾದರು. ಆಮೇಲೆ ಮುಸ್ಲಿಮರಲ್ಲಿ ಎಲ್ಲರನ್ನೂ ಒಂದುಗೂಡಿಸಿದ ಒಬ್ಬ ಸುಲ್ತಾನ ಎದ್ದ. ಅವನು ಕೆರೆಯಂಚಿನ ಒಂದು ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಒಬ್ಬ ಕ್ರೈಸ್ತ ದೊರೆಯ ಹೆಂಡತಿ ಸಿಕ್ಕಿಕೊಂಡಿದ್ದಳು. ದೊರೆ ಸೈನ್ಯದ ಜೊತೆ ಹೊರಗಿದ್ದ. ಅವನೇ ಜೆರುಸಲೇಮಿನ ಕ್ರೈಸ್ತ ರಾಜನಿಗೆ ಹೇಳಿದ: ಹೋಗುವುದು ಬೇಡ, ದಾರಿಯಲ್ಲಿ ನೀರಿಲ್ಲ, ಇದು ಬಲೆ.

“ಹೆಂಡತಿ ಒಳಗಿದ್ದಾಳೆ, ಬೇಡ ಅಂದ್ನಾ?” ಎಂದು ಹಿಂದಿನಿಂದ ಯಾರೋ ಹೆಂಗಸು ಕೇಳಿದರು.

“ಅಂದ. ಬುದ್ಧಿವಂತ. ಮನೆಗೆ ಹೋದ್ಮೇಲೆ ಏನಾಯ್ತೋ ಗೊತ್ತಿಲ್ಲ.”

ಅಧಿಕಾರಿಯೂ ನಕ್ಕ. ರಾಜ ಆ ಮಾತು ಕೇಳಲಿಲ್ಲ. ಚಿಲುಮೆ ಇದ್ದ ಜಾಗ ಬಿಟ್ಟು ಬಿರುಬೇಸಿಗೆಯಲ್ಲಿ ಸೈನ್ಯ ಹೊರಡಿಸಿದ. ಕಬ್ಬಿಣದ ಅಂಗಿ, ಮೇಲೆ ಬಿಸಿಲು. ಕತ್ತಲಾದಾಗ ಗುಡ್ಡದ ಮೇಲೆ ಸಿಕ್ಕಿಬಿದ್ದರು. ಒಂದು ಹನಿ ನೀರಿಲ್ಲ. ಸುಲ್ತಾನನ ಕಡೆಯವರು ಒಣಹುಲ್ಲಿಗೆ ಬೆಂಕಿ ಇಟ್ಟರು, ಹೊಗೆ ಗಂಟಲಿಗೆ ಹೋಯಿತು. ಕೆಳಗೆ, ಅಷ್ಟು ಹತ್ತಿರ, ಕೆರೆ ಹೊಳೆಯುತ್ತಿದೆ...

“ಇಲ್ಲಿಗೆ ನಿಲ್ಲಿಸ್ತೀನಿ,” ಎಂದೆ.

ನಮ್ಮ ದಾಸರು ಯಾವಾಗಲೂ, ರಾವಣ ಸೀತೆಯನ್ನು ಎತ್ತಿಕೊಂಡು ಆಕಾಶಕ್ಕೆ ಹಾರಿದ ಕೂಡಲೇ ಮಂಗಳಾರತಿ ತಟ್ಟೆ ಕಳಿಸುತ್ತಿದ್ದರು. ಆ ಗಳಿಗೆಯಲ್ಲಿ ಯಾರೂ ಎದ್ದು ಮನೆಗೆ ಹೋಗುವುದಿಲ್ಲ.

“ನಿಲ್ಲಿಸ್ತೀರಾ?” ಬಸ್ಸಿನ ತಾತ ಕುರ್ಚಿಯಲ್ಲೇ ಮೇಲೆದ್ದರು. “ಅಷ್ಟು ಜನ ನೀರಿಲ್ಲದೆ ಗುಡ್ಡದ ಮೇಲೆ ನಿಂತಿದ್ದಾರಲ್ಲಮ್ಮ!”

“ನಿಮಗೆ ಕುಡಿಯೋಕಿದೆ, ಬನ್ನಿ.”

ಪಾನಕವನ್ನು ಕಾಗದದ ಲೋಟಗಳಿಗೆ ಬಗ್ಗಿಸಿದೆ. ಒಬ್ಬರಿಗೂ ಕಡಿಮೆ ಬೀಳಲಿಲ್ಲ, ರಾಮನ ದಯೆ. ಅಧಿಕಾರಿಯ ಕೈಗೂ ಒಂದು ಕೊಟ್ಟೆ. ಅವನು ಬೀಗದ ಕೈ ಜೇಬಿಗೆ ಹಾಕಿಕೊಂಡು ಒಂದು ಗುಟುಕು ಕುಡಿದ, ಕಣ್ಣರಳಿಸಿದ.

“ಇದೇನು, ಸಿಹಿ ಹಿಂದೆ ಖಾರ?”

“ಬೆಲ್ಲ, ಶುಂಠಿ, ಮೆಣಸು.”

ಇನ್ನೊಂದು ಗುಟುಕು. “ಕೆರೆ ಹತ್ತಿರ ಹೋದ್ರಾ ಅವರು?”

ಟೀಚರ ಕಡೆ ನೋಡಿದೆ. ಅವರು ತುಟಿಯ ಮೇಲೆ ಬೆರಳಿಟ್ಟರು.

“ಮುಂದಿನ ಬುಧವಾರ ಹೇಳ್ತೀನಿ.”

“ಮುಂದಿನ ಬುಧವಾರ ಈ ಕೋಣೆ...” ಅವನು ನಿಲ್ಲಿಸಿ ಲೋಟದೊಳಗೆ ನೋಡಿದ. “ಯೋಗದವರಿಗೆ ಏನು ಹೇಳಲಿ?”

“ಕಾಯೋಕೆ ಹೇಳಪ್ಪ,” ಎಂದರು ತಾತ. “ಉಸಿರು ಬಿಗಿಹಿಡಿದು ಕೂರೋದು ಅವರಿಗೆ ಅಭ್ಯಾಸ ಇರುತ್ತೆ.”

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಪಾನಕ ನೆತ್ತಿಗೇರಿ ಕೆಮ್ಮಿದ. ಸಿರಿಯಾದ ಅಮ್ಮ ಎದ್ದು ಬೆನ್ನು ತಟ್ಟಿದರು. ಕೆಮ್ಮು ನಿಂತ ಮೇಲೆ ಅವನು ಹೇಳಿದ: “ಬೇಸಿಗೆ ರಜೆವರೆಗೂ ಬುಧವಾರ ನಿಮ್ಮದೇ. ಯೋಗದವರಿಗೆ ಗುರುವಾರ ಕೊಡ್ತೀನಿ. ಆದ್ರೆ ಕೊನೇವರೆಗೂ ಹೇಳ್ಬೇಕು, ಅರ್ಧಕ್ಕೆ ಬಿಡೋ ಹಾಗಿಲ್ಲ.”

ಟೀಚರು ನನ್ನ ಕೈ ಹಿಡಿದು ಒತ್ತಿದರು. ಕಣ್ಣಲ್ಲಿ ನೀರಿತ್ತು. ಏನೋ ಹೇಳಲು ಹತ್ತಿರ ಎಳೆದರು. ನಾನು ಬಾಗಿದೆ.

“ಚಕ್ರವರ್ತಿ ಕೇಳಿದ್ದು ನಾಲ್ಕೇ ಜನರನ್ನಲ್ಲ,” ಎಂದು ಪಿಸುಗುಟ್ಟಿದರು.

ಮನೆಯ ದಾರಿಯುದ್ದಕ್ಕೂ, ಲಿಫ್ಟಿನಲ್ಲಿಯೂ, ಅವರು ಇಲ್ಲದ ಸ್ವರದಲ್ಲಿ ಮುಂದಿನ ಪಾಠ ಹೇಳಿಕೊಟ್ಟರು. ಗುಡ್ಡದ ಮೇಲಿದ್ದವರು ಸೋತರು, ಜೆರುಸಲೇಮು ಸುಲ್ತಾನನಿಗೆ ಹೋಯಿತು. ಅವನು ಹಳೆಯ ಕೊಲೆಗೆ ಕೊಲೆ ಮಾಡಿಸಲಿಲ್ಲ, ದಂಡ ಕಟ್ಟಿಸಿಕೊಂಡು ಬಿಟ್ಟ. ದಂಡ ಕಟ್ಟಲಾಗದ ಎಷ್ಟೋ ಜನ ಗುಲಾಮರಾದರು, ಅದನ್ನೂ ಬಿಡಬೇಡ. ಮೂರನೆಯ ಕ್ರುಸೇಡಿಗೆ ಇಂಗ್ಲೆಂಡಿನ ರಾಜನೇ ಹೋದ, ಜ್ವರದಲ್ಲಿ ಮಲಗಿದ್ದಾಗ ಶತ್ರು ಸುಲ್ತಾನ ಹಣ್ಣು ಮತ್ತು ಹಿಮ ಕಳಿಸಿದ. ಊರು ಸಿಗಲಿಲ್ಲ, ಯಾತ್ರಿಕರಿಗೆ ದಾರಿ ಸಿಕ್ಕಿತು. ನಾಲ್ಕನೆಯವರು ಜೆರುಸಲೇಮನ್ನು ತಲುಪಲೇ ಇಲ್ಲ.

ಮನೆಗೆ ಬಂದಾಗ ಮಷೀನು ನಿಂತು ಎಷ್ಟು ಹೊತ್ತಾಗಿತ್ತೋ. ಒದ್ದೆ ಬಟ್ಟೆ ತೆಗೆದು, ಸ್ಟ್ಯಾಂಡು ಬಿಡಿಸಿ, ಮಗಳ ಶಾಲೆಯ ಬಿಳಿ ಶರ್ಟುಗಳನ್ನು ಕೊಡವಿ ಹರಡತೊಡಗಿದೆ. ಮರೆಯಬಾರದಲ್ಲ, ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಿದ್ದೆ: ವೆನಿಸಿನವರು ಹಡಗು ಕಟ್ಟಿಕೊಟ್ಟರು, ಬಾಡಿಗೆ ಕೊಡಲು ಇವರ ಹತ್ತಿರ ದುಡ್ಡಿರಲಿಲ್ಲ, ಸುತ್ತಿ ಬಳಸಿ ಹೋಗಿ ಕಾನ್‌ಸ್ಟಾಂಟಿನೋಪಲನ್ನೇ ದೋಚಿದರು, ಸಹಾಯ ಕೇಳಿದ್ದ ಮನೆಯನ್ನೇ...

ಮಗಳು ಕೋಣೆಯಿಂದ ತಲೆ ಹಾಕಿದಳು. “ಅಮ್ಮ, ಹೂ ಆರ್ ಯೂ ಟಾಕಿಂಗ್ ಟು?”

“ವೆನಿಸಿನವರ ಜೊತೆ. ಆ ಕ್ಲಿಪ್ಪಿನ ಡಬ್ಬ ಇತ್ಲಾಗೆ ಕೊಡು, ಕಾಲುಚೀಲ ಬಿದ್ದುಹೋಗ್ತಿದೆ.”