ತಬಸ್ಸುಮ್ ಮತ್ತೆ ಕಲಿಸಿದ ಅಮೈನೋ ಆಮ್ಲಗಳು

2018ರಲ್ಲಿ ನಾನು ಗೋಕಾಕದ ಒಂದು ಪದವಿ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಉಪನ್ಯಾಸಕಿಯಾಗಿದ್ದೆ. ಬಿಎಸ್ಸಿ ಮಕ್ಕಳಿಗೆ ಈ ವಿಷಯದಲ್ಲಿ ದೊಡ್ಡ ತಲೆನೋವು ಅಮೈನೋ ಆಮ್ಲಗಳ ರಚನೆ. ದೇಹದ ಪ್ರೋಟೀನುಗಳನ್ನು ಕಟ್ಟುವ ಅಣುಗಳಿವು, ಒಟ್ಟು ಇಪ್ಪತ್ತು. ಪರೀಕ್ಷೆಯಲ್ಲಿ ಯಾವುದರ ಹೆಸರು ಬಂದರೂ ಅದರ ಚಿತ್ರ ಬರೆಯಬೇಕು.

ಮಸಗುಪ್ಪಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ತಬಸ್ಸುಮ್ ಈ ವಿಷಯದಲ್ಲಿ ಒಮ್ಮೆ ಫೇಲಾಗಿದ್ದಳು. ಇಪ್ಪತ್ತನ್ನೂ ಬಿಡಿಬಿಡಿಯಾಗಿ ಬಾಯಿಪಾಠ ಮಾಡಲು ಹೋಗಿ ಕಲಸಿಕೊಳ್ಳುತ್ತಿದ್ದಳು. ನಾನು ಬೇರೆ ದಾರಿ ಹೇಳಿಕೊಟ್ಟೆ. ನಡುವೆ ಒಂದು ಕಾರ್ಬನ್. ಅದಕ್ಕೆ ಅಂಟಿಕೊಂಡ ಅಮೈನೋ ಗುಂಪು, ಆಮ್ಲದ ಗುಂಪು, ಒಂದು ಹೈಡ್ರೋಜನ್. ಹೆಚ್ಚುಕಡಿಮೆ ಎಲ್ಲದರಲ್ಲೂ ಇಷ್ಟು ಒಂದೇ. ಬದಲಾಗುವುದು ನಾಲ್ಕನೆಯ ಕೈ ಮಾತ್ರ. ಅಲ್ಲಿ ಬರೀ ಹೈಡ್ರೋಜನ್ ಇದ್ದರೆ ಗ್ಲೈಸಿನ್, ಮೀಥೈಲ್, ಅಂದರೆ ಮೂರು ಹೈಡ್ರೋಜನ್ ಹೊತ್ತ ಇನ್ನೊಂದು ಕಾರ್ಬನ್, ಇದ್ದರೆ ಅಲನಿನ್. ಅಲನಿನ್‌ನ ಆ ಮೀಥೈಲ್‌ಗೆ ಬೆಂಜೀನ್ ಉಂಗುರ ಸೇರಿಸಿದರೆ ಫಿನೈಲ್ ಅಲನಿನ್. ಹೀಗೆ ಒಂದರಿಂದ ಇನ್ನೊಂದಕ್ಕೆ ಹೋಗುವುದು ಅವಳಿಗೆ ಹಿಡಿಸಿತು.

ಆ ಮಳೆಗಾಲದ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ನನಗೆ ಪಾರ್ಶ್ವವಾಯು ಹೊಡೆಯಿತು. ಯಜಮಾನರು ತಡಮಾಡದೆ ಬೆಳಗಾವಿಗೆ ಕರೆದೊಯ್ದದ್ದರಿಂದ ಜೀವ ಉಳಿಯಿತು, ಮಾತೂ ಮರಳಿತು. ಆದರೆ ಬಲಗೈ ಸೋತಿತ್ತು. ಮನೆಗೆ ಬಂದ ಮೇಲೆ ಎಡಗೈಯಲ್ಲಿ ಪೆನ್ನು ಹಿಡಿದು ಕೂತೆ. ಕಾರ್ಬನ್ ಬರೆದೆ. ಅದರ ಪಕ್ಕಕ್ಕೆ ಏನು ಬರುತ್ತದೆಂದು ತಿಳಿಯಲಿಲ್ಲ. ಇಡೀ ವೃತ್ತಿಜೀವನ ಕಲಿಸಿದ್ದು ಒಂದು ಗೆರೆಯೂ ಉಳಿಯದೆ ಅಳಿಸಿಹೋಗಿತ್ತು. ಇನ್ನು ಕಾಲೇಜಿಗೆ ಹೋಗುವುದಿಲ್ಲ ಎಂದು ಯಜಮಾನರಿಗೆ ಹೇಳಿಬಿಟ್ಟೆ.

ಒಂದು ಭಾನುವಾರ ತಬಸ್ಸುಮ್ ನೋಡಲು ಬಂದಳು. ನನಗೇನಾಗಿದೆ ಎಂದು ಅವಳಿಗೆ ಪೂರ್ತಿ ಗೊತ್ತಿರಲಿಲ್ಲ.

"ಮೇಡಂ, ಟೈರೋಸಿನ್ ಪ್ರತಿ ಸಲ ತಪ್ಪತೈತ್ರಿ. ಒಮ್ಮಿ ತೋರಿಸ್ತೀರೇನ್ರಿ?" ಎಂದಳು.

ಅವಳು ಕೊಟ್ಟ ಪೆನ್ನನ್ನು ನಾನು ಕೆಳಗಿಟ್ಟೆ. "ನಂಗ ಏನೂ ನೆನಪಿಲ್ಲವ್ವಾ," ಎನ್ನುವಷ್ಟರಲ್ಲಿ ಅಳು ಬಂತು.

ಅವಳು ಕುರ್ಚಿ ಎಳೆದುಕೊಂಡು ಬಾಜೂ ಕೂತಳು. "ಇವತ್ತ ಗ್ಲೈಸಿನ್ ಒಂದಽ ಮಾಡೂಣ್ರಿ. ಬ್ಯಾರೆ ಯಾವುದೂ ಬ್ಯಾಡ," ಎಂದು ನಾನು ಕಲಿಸಿದ ದಾರಿಯಲ್ಲೇ ಶುರು ಮಾಡಿದಳು.

ಆಮೇಲೆ ಪ್ರತಿ ಭಾನುವಾರ ಬಂದಳು. ಅವಳ ಪರೀಕ್ಷೆ ಹತ್ತಿರ ಬರುತ್ತಿತ್ತು. ಮತ್ತೆ ಫೇಲಾದರೆ ಓದು ಅಲ್ಲಿಗೇ ನಿಲ್ಲುತ್ತದೆಂದು ಅವಳ ತಂದೆ ಹೇಳಿದ್ದರು. ಇನ್ನು ಬರಬೇಡ ಎಂದೆ.

"ನಿಮಗ ಹೇಳಾಕ ಹ್ವಾದಾಗ ನಂಗೂ ತಲಿಗಿ ಹತ್ತಾಕತ್ತೈತ್ರಿ. ಅಬ್ಬಾಗೂ ಹೇಳೇನಿ," ಎಂದಳು.

ನಾನು ತಡವರಿಸಿದಾಗ ಅವಳು ಉತ್ತರ ಹೇಳಿಕೊಡುತ್ತಿರಲಿಲ್ಲ. ಕಿಟಕಿಯ ಕಡೆ ತಿರುಗಿ ಕಾಯುತ್ತಾ ಕೂರುತ್ತಿದ್ದಳು. ಆ ಹೊತ್ತಿನಲ್ಲಿ ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು. ಕ್ರಮೇಣ, ಎಲ್ಲೋ ಅಡಗಿದ್ದ ಗೆರೆಗಳು ಒಂದೊಂದಾಗಿ ಕೈಗೆ ಬರತೊಡಗಿದವು. ಎರಡು ಉಂಗುರಗಳ ಟ್ರಿಪ್ಟೋಫ್ಯಾನನ್ನು ಸೊಟ್ಟಸೊಟ್ಟಾಗಿ ಬರೆದು ಮುಗಿಸಿದ ದಿನ ಯಜಮಾನರು ಇಬ್ಬರಿಗೂ ರವೆಯ ಸಿಹಿ ಶಿರಾ ಮಾಡಿ ಬಡಿಸಿದರು.

ಹೊಸ ಸೆಮಿಸ್ಟರಿನಲ್ಲಿ ಕೆಲಸಕ್ಕೆ ಮರಳಿದೆ. ಮೊದಲ ತರಗತಿಯಲ್ಲೇ ಎಡಗೈಯಲ್ಲಿ ಹಿಸ್ಟಿಡಿನ್‌ನ ಉಂಗುರ ಬರೆಯುತ್ತಾ ನಡುವೆ ನಿಂತುಬಿಟ್ಟೆ. "ನೆನಪು ಮಾಡಿಕೊಳ್ತಿದ್ದೇನೆ, ಸ್ವಲ್ಪ ತಾಳಿ," ಎಂದು ಹೇಳುವಾಗ ಭಯವೇನೂ ಆಗಲಿಲ್ಲ. ಯಾರೂ ನಗಲಿಲ್ಲ. ಉಂಗುರ ಪೂರ್ತಿಯಾಯಿತು.

ಅಷ್ಟರಲ್ಲಿ ತಬಸ್ಸುಮ್ ಪಾಸಾಗಿದ್ದಳು. ಈಗ ಹುಕ್ಕೇರಿಯ ಒಂದು ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ಹಬ್ಬಕ್ಕೆ ಬಂದಾಗ ಕೃತಜ್ಞತೆಯ ಮಾತೆತ್ತಿದರೆ, "ಬಿಡ್ರಿ ಮೇಡಂ, ಚಾ ಆರಾಕತ್ತೈತಿ," ಎನ್ನುತ್ತಾಳೆ.

ರಚನೆಗಳನ್ನು ನೆನಪಿಡುವ ದಾರಿ ನನಗೆ ಮೊದಲೇ ಗೊತ್ತಿತ್ತು. ನೆನಪು ಬಾರದೆ ಒದ್ದಾಡುವವರ ಎದುರು ಹೇಗೆ ಕೂರಬೇಕೆಂದು ಅವಳು ಕಲಿಸಿದಳು. ನಿವೃತ್ತಿಗೆ ಉಳಿದಿದ್ದ ನಾಲ್ಕು ವರ್ಷ, ಬೋರ್ಡಿನ ಮುಂದೆ ಯಾರಾದರೂ ತಡವರಿಸಿ ನಿಂತರೆ ನಾನು ಸೀಮೆಸುಣ್ಣ ಕಸಿದುಕೊಳ್ಳಲಿಲ್ಲ. ಅವರ ಕೈ ಮತ್ತೆ ಚಲಿಸುವವರೆಗೆ ಕಾಯುತ್ತಿದ್ದೆ.