ಗೈರು ಮಾಮ ಮತ್ತು ಮೂವತ್ತೇಳನೇ ನಂಬರು

ಶಾಲೆಯ ಎರಡನೇ ಗಂಟೆ ಹೊಡೆದ ಮೇಲೆ ಊರಿಗೆ ಒಂದು ಥರದ ಮಂಪರು ಕವಿಯುತ್ತದೆ. ಅಷ್ಟು ಹೊತ್ತು ಬೀದಿಯಲ್ಲಿ ಕಿತ್ತಾಡುತ್ತಿದ್ದ ಮಕ್ಕಳೆಲ್ಲ ಯಾರೋ ಬಾಚಿಕೊಂಡು ಹೋದಂತೆ ಮಾಯ. ಗೋಡೆಯ ಮೇಲೆ ಬೆಕ್ಕು ಮೈ ಮುರಿಯುತ್ತದೆ, ತಂತಿಯ ಮೇಲಿನ ಬಟ್ಟೆ ಮೆಲ್ಲಗೆ ಉಸಿರಾಡುತ್ತದೆ, ಬಿಸಿಲು ಒಂದೊಂದೇ ಮೆಟ್ಟಿಲಿಳಿದು ಅಂಗಳಕ್ಕೆ ಬರುತ್ತದೆ. ಆ ಹೊತ್ತಿನಲ್ಲಿ ಸೈಕಲ್ ತಳ್ಳಿಕೊಂಡು, ಯಾವ ಅವಸರವೂ ಇಲ್ಲದವನ ಹಾಗೆ ನಡೆಯುವ ಒಬ್ಬನೇ ಮನುಷ್ಯ ಗೈರು ಮಾಮ.

ಅದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಮಕ್ಕಳು ಕಟ್ಟಿದ್ದು. ಶಿಕ್ಷಣ ಕಚೇರಿಯ ಕಾಗದದಲ್ಲಿ ಅವನು ಹಾಜರಿ ತಪಾಸಣೆಗಾರ. ಏಳನೇ ತರಗತಿ ಮುಗಿಸಿ ಅದೇ ಕಚೇರಿಗೆ ಜವಾನನಾಗಿ ಸೇರಿದ್ದ. ಊರು ಸುತ್ತುವ ಕೆಲಸಕ್ಕೆ ಬೇರೆ ಯಾರೂ ಮುಂದೆ ಬರದಿದ್ದಾಗ ಅದು ಇವನ ಕೊರಳಿಗೆ ಬಿತ್ತು. ಅದಕ್ಕೀಗ ಇಪ್ಪತ್ತೆರಡು ವರ್ಷ. ಕಾನೂನು ಬರೆದ ಪುಣ್ಯಾತ್ಮರು ಫ್ಯಾನಿನ ಕೆಳಗೆ ಕೂತು ಬರೆದರು. ಚಪ್ಪಲಿ ಸವೆದದ್ದು ಇವನದು.

ಕಾನೂನು ಹೇಳುವುದು ಇಷ್ಟು. ಆರು ವರ್ಷ ತುಂಬಿದ ಮಗು ಶಾಲೆಯಲ್ಲಿರಬೇಕು. ಮೂರು ದಿನ ಬಾರದಿದ್ದರೆ ಮನೆಗೆ ಬಿಳಿ ಚೀಟಿ, ಎಂಟು ದಿನವಾದರೆ ಹಳದಿ ಚೀಟಿ. ಹದಿನೈದನೇ ದಿನ ಗೈರು ಮಾಮ ಖುದ್ದಾಗಿ ಹೋಗಿ, ಮಗುವನ್ನು ಹುಡುಕಿ, ಸಿಗದಿದ್ದರೆ ಸಹಿ ಹಾಕಿ ಕಡತವನ್ನು ಸಮಿತಿಗೆ ಕಳಿಸಬೇಕು. ಸಮಿತಿ ಹೆತ್ತವರನ್ನು ಕರೆಸಿ ನಿಲ್ಲಿಸುತ್ತದೆ. ಮನೆಯಲ್ಲಿ ನೋಡಿಕೊಳ್ಳುವವರು ಸಾಲದು ಎನಿಸಿದರೆ ಮಗುವನ್ನು ಮನೆಯಿಂದ ಎಬ್ಬಿಸಿ ಸರ್ಕಾರಿ ಹಾಸ್ಟೆಲಿಗೆ ಹಾಕುತ್ತದೆ. ಆ ಸಹಿ ಹಾಕುವಾಗಲೆಲ್ಲ ಗೈರು ಮಾಮನ ಕೈ ಒಂದು ಗಳಿಗೆ ತಡೆಯುತ್ತಿತ್ತು.

ಅವನು ಯಾರ ಮನೆಯ ಬಾಗಿಲನ್ನೂ ಮೊದಲು ತಟ್ಟುತ್ತಿರಲಿಲ್ಲ. ಹೊಸ್ತಿಲ ಹೊರಗಿನ ಚಪ್ಪಲಿ ನೋಡುತ್ತಿದ್ದ. ಪುಟ್ಟ ಜೋಡಿ ಇದ್ದರೆ ಮಗು ಒಳಗಿದೆ ಅಂತ ಅರ್ಥ, ತಾಯಿ ಏನೇ ಹೇಳಲಿ. ಇಲ್ಲದಿದ್ದರೆ ಸೇತುವೆಯ ಕೆಳಗೆ, ನೀರಿನ ಟ್ಯಾಂಕಿನ ಹಿಂದೆ, ಬಸ್ ನಿಲ್ದಾಣದ ಉದ್ದನೆ ಕಟ್ಟೆಯ ಮೇಲೆ. ಸಿಕ್ಕ ಮಕ್ಕಳನ್ನು ಬೈಯುತ್ತಿರಲಿಲ್ಲ. ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಅವತ್ತು ಮೋಡ ಯಾವ ಕಡೆ ಹೋಗುತ್ತಿದೆ ಅಂತ ಮಾತಾಡುತ್ತ ಶಾಲೆ ಮುಟ್ಟಿಸುತ್ತಿದ್ದ.

"ಊರ ಮಕ್ಕಳನ್ನೆಲ್ಲ ಹುಡುಕಿ ತರ್ತೀರಿ, ನಿಮ್ಮ ಕನ್ನಡಕ ಹುಡುಕೋಕೆ ಮಾತ್ರ ನಾನೇ ಬೇಕು" ಅಂತ ಹೆಂಡತಿ ಹಂಗಿಸುತ್ತಿದ್ದಳು. ಭಾನುವಾರ ಮಧ್ಯಾಹ್ನ ಮಲಗಿದರೆ ಅವನಿಗೆ ಒಂದೇ ಕನಸು. ಮುಗಿಯದ ಬೀದಿ, ಎರಡೂ ಕಡೆ ಮುಚ್ಚಿದ ಬಾಗಿಲು, ಇವನು ನಂಬರು ಕೂಗುತ್ತ ನಡೆಯುತ್ತಾನೆ, ಯಾರೂ ಓಗೊಡುವುದಿಲ್ಲ. ನಿದ್ದೆಯಲ್ಲೇ "ಹನ್ನೆರಡು... ಹದಿಮೂರು..." ಅಂತ ಗೊಣಗುವಾಗ, ಬಟ್ಟೆ ಮಡಿಸುತ್ತ ಕೂತ ಹೆಂಡತಿ ತಲೆ ಎತ್ತದೆ "ಹಾಜರ್ ಸಾರ್" ಅನ್ನುವಳು. ಅವನು ಮಗ್ಗುಲು ಬದಲಿಸಿ ನೆಮ್ಮದಿಯಾಗಿ ಗೊರಕೆ ಹೊಡೆಯುವನು.

ಅಂಥ ಮನುಷ್ಯನ ಕೈಗೆ ಒಂದು ಬೆಳಿಗ್ಗೆ ನಾಲ್ಕನೇ ತರಗತಿಯ ಮೂವತ್ತೇಳನೇ ನಂಬರಿನ ಕಡತ ಬಂತು. ಒಂಬತ್ತು ವರ್ಷದ ಹುಡುಗಿ. ತಾಯಿಗೆ ಅವಳೊಬ್ಬಳೇ, ಅವಳಿಗೆ ತಾಯಿಯೊಬ್ಬಳೇ. ಹದಿನಾಲ್ಕು ದಿನ ಗೈರು. ಬಿಳಿ ಚೀಟಿ, ಹಳದಿ ಚೀಟಿ ಎರಡಕ್ಕೂ ತಾಯಿ ಹಿಂದುಗಡೆ ಒಂದೇ ಸಾಲು ಬರೆದು ಕಳಿಸಿದ್ದಳು: ನನ್ನ ಮಗಳು ದಿನಾ ಶಾಲೆಗೆ ಹೋಗುತ್ತಿದ್ದಾಳೆ.

ಮನೆಗೆ ಬೀಗ. ಹೊಸ್ತಿಲಲ್ಲಿ ಪುಟ್ಟ ಚಪ್ಪಲಿ ಇಲ್ಲ. ಸೇತುವೆಯ ಕೆಳಗೆ ನೀರು ಮಾತ್ರ ಹರಿಯುತ್ತಿತ್ತು. ಟ್ಯಾಂಕಿನ ಹಿಂದೆ ಯಾರೂ ಇಲ್ಲ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಬಿಸಿಲು ಕಾಲು ಚಾಚಿ ಮಲಗಿತ್ತು. ದಿನಾ ಮನೆ ಬಿಡುವ ಮಗು ಶಾಲೆ ಸೇರುವುದಿಲ್ಲವಾದರೆ ಎಲ್ಲಿಗೆ ಹೋಗುತ್ತದೆ? ಗೈರು ಮಾಮ ಸೈಕಲ್ಲು ಹತ್ತಿ, ತಾಯಿ ಇಸ್ತ್ರಿ ಕೆಲಸ ಮಾಡುವ ಲಾಂಡ್ರಿಗೆ ತುಳಿದ.

ಅದೊಂದು ಬೇರೆಯೇ ಲೋಕ. ಉದ್ದನೆಯ ಕೋಣೆಯ ತುಂಬ ಬಿಳಿ ಹಬೆ. ಹಬೆಯೊಳಗೆ ತೇಲುವ ಬಿಳಿ ಹಾಸುಗಳು, ತಲೆಯಿಲ್ಲದ ಅಂಗಿಗಳು. ಯಂತ್ರಗಳ ಗದ್ದಲಕ್ಕೆ ಮಾತು ಕೇಳಿಸುವಂತಿಲ್ಲ. ಅಲ್ಲಿನ ಹೆಂಗಸರು ಕೈಯಲ್ಲೇ ಮಾತಾಡುತ್ತಿದ್ದರು. ಎರಡು ಬೆರಳು ಎತ್ತಿದರೆ ಇನ್ನೆರಡು ಬೇಕು, ಮುಷ್ಟಿ ತಿರುಗಿಸಿದರೆ ನಿಲ್ಲಿಸು. ಮೇಸ್ತ್ರಿ ಆಚೆ ತುದಿಯಿಂದ ಒಬ್ಬಳತ್ತ ಬೆರಳು ತೋರಿದ. ಅವಳು ಅಂಗೈ ಎತ್ತಿದಳು: ಇದ್ದೇನೆ. ಅವಳೇ ಮೂವತ್ತೇಳರ ತಾಯಿ.

ಹಿತ್ತಲ ಬಾಗಿಲಿಗೆ ಬಂದು, ಸೆರಗಿನಿಂದ ಮುಖ ಒರೆಸಿಕೊಂಡಳು.

"ನೋಡು ತಾಯಿ, ಇವತ್ತು ನಾನು ಸಹಿ ಹಾಕಿದ್ರೆ ಕಡತ ಸಮಿತಿಗೆ ಹೋಗುತ್ತೆ. ನಿಜ ಹೇಳ್ಬಿಡು. ಮಗು ಎಲ್ಲಿ?"

"ಶಾಲೇಲಿ ಅಣ್ಣಾ."

"ಶಾಲೇಲಿದ್ರೆ ನಾನ್ಯಾಕೆ ಸೈಕಲ್ ತುಳ್ಕೊಂಡು ಸಾಯ್ತಿದ್ದೆ? ಹದಿನಾಲ್ಕು ದಿನ ಗೈರು ಅಂತ ಮೇಷ್ಟ್ರು ಕೈಯಾರೆ ಬರೆದಿದ್ದಾರೆ."

"ನಿಮ್ಮ ಮೇಷ್ಟ್ರು ಕಾಗದ ಓದ್ತಾರೆ, ನಾನು ಬಟ್ಟೆ ಓದ್ತೀನಿ" ಎಂದಳು ಅವಳು. ಕಣ್ಣು ಕದಲಲಿಲ್ಲ. "ಅಂಗಿ ನೋಡಿ ಮನುಷ್ಯ ಎಲ್ಲಿಗೆ ಹೋಗಿ ಬಂದ ಅಂತ ಹೇಳ್ತೀನಿ, ಹನ್ನೊಂದು ವರ್ಷದ ಕಸುಬು. ದಿನಾ ಸಂಜೆ ನನ್ನ ಮಗಳ ಯೂನಿಫಾರ್ಮ್ ತೊಳೀತೀನಿ. ಬಲಗಡೆ ತೋಳಲ್ಲಿ ಸೀಮೆಸುಣ್ಣದ ಪುಡಿ. ಬೆನ್ನಲ್ಲಿ ಬೆಂಚಿನ ಗೆರೆ. ಬೀದಿ ಸುತ್ತೋ ಮಗೂಗೆ ಬೆನ್ನಲ್ಲಿ ಬೆಂಚಿನ ಗೆರೆ ಎಲ್ಲಿಂದ ಬರುತ್ತೆ? ಅವಳನ್ನ ನನ್ನಿಂದ ಕಿತ್ಕೊಳ್ಳೋಕೆ ಮುಂಚೆ ಅದೊಂದು ಹೇಳಿ ಅಣ್ಣಾ."

ಗೈರು ಮಾಮ ಸೈಕಲ್ಲನ್ನು ಶಾಲೆಯ ಕಡೆ ತಿರುಗಿಸಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ತಪ್ಪಿಸಿಕೊಂಡ ಮಕ್ಕಳನ್ನು ಹುಡುಕದ ಜಾಗವಿರಲಿಲ್ಲ. ಶಾಲೆಯೊಳಗೆ ಮಾತ್ರ ಒಂದು ದಿನವೂ ಹುಡುಕಿರಲಿಲ್ಲ.

ಮಧ್ಯಾಹ್ನದ ಹಾಜರಿಯ ಹೊತ್ತಿಗೆ ನಾಲ್ಕನೇ ತರಗತಿಯ ಬಾಗಿಲಲ್ಲಿ ನಿಂತ. ಮೇಷ್ಟ್ರು ಹೊಸಬ, ಬಂದು ತಿಂಗಳಾಗಿರಲಿಲ್ಲ. ಅರವತ್ತನಾಲ್ಕು ಮಕ್ಕಳಿಗೆ ಅವನೊಬ್ಬ.

"ಒಂದು ಸಲ ಹಾಜರಿ ನೋಡ್ಬೇಕಿತ್ತು ಮೇಷ್ಟ್ರೇ."

"ನೋಡಿ ಬೇಕಾದ್ರೆ. ಬರದೇ ಇರೋಳು ಬಂದಿಲ್ಲ, ಅಷ್ಟೇ."

ಕೊನೆಯ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕೂತ. ಕಿಟಕಿಯ ಬಿಸಿಲಲ್ಲಿ ಸೀಮೆಸುಣ್ಣದ ಧೂಳು ನಿಧಾನ ಸುತ್ತುತ್ತಿತ್ತು. ಮೇಷ್ಟ್ರು ರಿಜಿಸ್ಟರಿಗೆ ಮೂಗು ತಾಗಿಸಿ ನಂಬರು ಓದತೊಡಗಿದ. ನಂಬರು, ಹಾಜರ್ ಸಾರ್. ನಂಬರು, ಹಾಜರ್ ಸಾರ್. ಗೈರು ಮಾಮನ ರೆಪ್ಪೆ ಭಾರವಾಯಿತು. ತನ್ನ ಭಾನುವಾರದ ಬೀದಿಗೇ ಬಂದ ಹಾಗಿತ್ತು; ಇಲ್ಲಿ ಮಾತ್ರ ಬಾಗಿಲುಗಳು ಒಂದೊಂದಾಗಿ ತೆರೆದು ಓಗೊಡುತ್ತಿದ್ದವು.

"ಮೂವತ್ತಾರು."

"ಹಾಜರ್ ಸಾರ್."

"ಮೂವತ್ತೇಳು."

ಸದ್ದಿಲ್ಲ. ಕಿಟಕಿಯ ಪಕ್ಕ, ಆ ಬಿಸಿಲ ಧೂಳಿನೊಳಗೆ, ಒಂದು ಪುಟ್ಟ ಅಂಗೈ ಮೇಲೆದ್ದಿತು. ಹಬೆಯಲ್ಲಿ ಎದ್ದ ಅದೇ ಅಂಗೈ. ಮೇಷ್ಟ್ರು ತಲೆ ಎತ್ತದೆ ಗೈರಿನ ಗೆರೆ ಎಳೆದ.

"ಮೂವತ್ತೆಂಟು."

"ಹಾಜರ್!" ಎಂದು ಕೊನೆಯ ಬೆಂಚಿನಿಂದ ಗೈರು ಮಾಮ ಗುಡುಗಿದ.

ಇಡೀ ತರಗತಿ ಹೋ ಎಂದು ನಕ್ಕಿತು. ಮೇಷ್ಟ್ರು ಬೆಚ್ಚಿ ತಲೆ ಎತ್ತಿದ.

"ಏನ್ರೀ ಇದು?"

"ಮೂವತ್ತೇಳು ಹಾಜರ್, ಮೇಷ್ಟ್ರೇ. ಅಗೋ, ಕೈ ಇನ್ನೂ ಇಳಿಸಿಲ್ಲ ನೋಡಿ ಪಾಪ."

ಗೈರು ಮಾಮ ಅವಳ ಬೆಂಚಿನ ಹತ್ತಿರ ಕುಕ್ಕರಗಾಲಲ್ಲಿ ಕೂತ. "ಯಾಕೆ ಪುಟ್ಟಿ, ಬಾಯಿ ಬಿಟ್ಟು ಹೇಳೋದಲ್ವಾ?"

"ಕೈ ಎತ್ತಿದ್ನಲ್ಲ ಮಾಮ" ಎಂದಳು ಹುಡುಗಿ, ಇಷ್ಟೂ ಗೊತ್ತಿಲ್ವಾ ಅನ್ನುವ ಹಾಗೆ. "ಅಮ್ಮನ ಲಾಂಡ್ರೀಲಿ ಹಂಗೇ ಹೇಳೋದು. ಹಳೇ ಮಿಸ್ಸು ನೋಡ್ತಿದ್ರು."

ಮೇಷ್ಟ್ರ ಮುಖ ಬಿಳಿಚಿತು. "ಆದ್ರೆ ರಿಜಿಸ್ಟರ್ ತಿದ್ದೋ ಹಾಗಿಲ್ಲ. ಇವತ್ತಿನದು ಸರಿ, ಹದಿನಾಲ್ಕು ದಿನಕ್ಕೆ ಸಾಕ್ಷಿ ಏನು?"

ಗೈರು ಮಾಮನಿಗೆ ಪಿತ್ತ ನೆತ್ತಿಗೇರಿತು. ಆದರೂ ನಾಲಿಗೆ ಕಚ್ಚಿ ಹಿಡಿದು, ಹುಡುಗಿಯ ಲೆಕ್ಕದ ಪುಸ್ತಕ ತೆರೆದ. ಹದಿನಾಲ್ಕು ದಿನ, ಹದಿನಾಲ್ಕು ತಾರೀಕು. ಪ್ರತಿ ತಾರೀಕಿನ ಕೆಳಗೂ ಕೆಂಪು ಶಾಯಿಯ ಗುರುತು, ಪಕ್ಕದಲ್ಲಿ ಮೇಷ್ಟ್ರದೇ ಸಹಿ. ಒಂದು ಕಡೆ 'ಜಾಣೆ' ಅಂತಲೂ ಇತ್ತು.

"ಇಲ್ಲದವಳ ಲೆಕ್ಕ ಯಾರು ತಿದ್ದಿದ್ರು ಮೇಷ್ಟ್ರೇ, ನಮ್ಮಜ್ಜಿನಾ?"

ಗದ್ದಲ ಕೇಳಿ ಮುಖ್ಯ ಶಿಕ್ಷಕಿ ಬಂದು ಪುಸ್ತಕ ನೋಡಿದರು, ರಿಜಿಸ್ಟರ್ ನೋಡಿದರು, ಆಮೇಲೆ ಮೇಷ್ಟ್ರನ್ನು ನೋಡಿದರು. ಹದಿನಾಲ್ಕು ಗೆರೆಗೂ ತಿದ್ದುಪಡಿ ಬರೆದು ಒಂದೊಂದಕ್ಕೂ ಸಹಿ ಹಾಕಿದರು. ಮೇಷ್ಟ್ರು ತಾನಾಗಿಯೇ ರಿಜಿಸ್ಟರ್ ಎತ್ತಿಕೊಂಡು, ಒಂದರಿಂದ ಮತ್ತೆ ಶುರು ಮಾಡಿದ. ಈ ಸಲ ಒಂದೊಂದು ನಂಬರಿಗೂ ತಲೆ ಎತ್ತುತ್ತಿದ್ದ.

ಕಡತದ ಹಾಳೆಯಲ್ಲಿ 'ಮಗು ಸಿಕ್ಕ ಸ್ಥಳ' ಅಂತ ಒಂದು ಸಾಲಿರುತ್ತದೆ. ಸೇತುವೆ, ಟ್ಯಾಂಕು, ನಿಲ್ದಾಣ ಅಂತ ಬರೆದು ಬರೆದು ಗೈರು ಮಾಮನಿಗೆ ಅದು ಬಾಯಿಪಾಠ. ಆ ದಿನ ಕನ್ನಡಕ ಏರಿಸಿಕೊಂಡು, ದುಂಡಗೆ ಬರೆದ: ಶಾಲೆ. ಸಮಿತಿಗೆ ಹೋಗಬೇಕಿದ್ದ ಕಡತ ಅಲ್ಲಿಗೇ ಮುಚ್ಚಿತು.

ಲಾಂಡ್ರಿಗೆ ಹೋದಾಗ ಹಬೆ ಇನ್ನೂ ದಟ್ಟವಾಗಿತ್ತು. ಅವಳು ಕೋಣೆಯ ಆ ತುದಿಯಲ್ಲಿ, ಇಸ್ತ್ರಿಪೆಟ್ಟಿಗೆ ಕೈಯಲ್ಲಿ ಹಿಡಿದೇ ಬಾಗಿಲನ್ನು ನೋಡುತ್ತ ನಿಂತಿದ್ದಳು. ಕೂಗಿದರೆ ಕೇಳಿಸುವ ಜಾಗ ಅದಲ್ಲ. ಗೈರು ಮಾಮ ಸೈಕಲ್ಲನ್ನು ಗೋಡೆಗೆ ಒರಗಿಸಿ, ತನ್ನ ಒರಟು ಅಂಗೈಯನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದ.

ಆ ಬಿಳಿಯೊಳಗಿಂದ, ಸ್ವಲ್ಪ ಹೊತ್ತಿಗೆ, ಇನ್ನೊಂದು ಅಂಗೈ ಎದ್ದಿತು.